ಸುಟ್ಟೆ

ಕಾರವಾರ ಡಿಪೋಕ್ಕೆ ನಾನು ಬಂದ ಮೊದಲ ವಾರ.
ಶಿಗ್ಗಾವಿಯವ. ಸಮುದ್ರ ಅಂದರೆ ಕ್ಯಾಲೆಂಡರ್ ಚಿತ್ರ,
ಕೊಂಕಣಿ ಅಂದರೆ ಗೋಡೆಯಾಚೆ ಯಾರೋ ಜಗಳಾಡುತ್ತ
ನಡುವೆ ನಕ್ಕ ಹಾಗೆ.

ಬೆಳಗಿನ ಆರೂಕಾಲರ ಅಂಕೋಲೆ ಗಾಡಿ.
ಸ್ಟ್ಯಾಂಡಿನ ಹೊರಗೆ, ಪಂಕ್ಚರ್ ಅಂಗಡಿಯ ಪಕ್ಕ,
ಒಂದು ಸ್ಟೋವು, ಒಂದು ಬಾಣಲೆ, ಗಾಜು ಸೀಳಿದ ಪೆಟ್ಟಿಗೆ,
ಅದರ ಹಿಂದೆ ಶೆವಂತಿಬಾಯಿ ಕಡವಾಡಕರ.
ನೂರರ ನೋಟು ಚಾಚಿದೆ.
ಕೇಳಿದಳು: ಸುಟ್ಟೆ ಆಸಾ?
ಇಲ್ಲವ್ವ, ಅಂದೆ, ನಾ ಏನೂ ಸುಟ್ಟಿಲ್ಲ.

ಡ್ರೈವರ್ ಘನಶ್ಯಾಮ ನಕ್ಕ ನಗೆಗೆ
ಬಾಯೊಳಗಿನ ಚಹಾ ಮೂಗಿಗೆ ಹತ್ತಿತು.
ಸುಟ್ಟೆ ಅಂದರೆ ಈ ಊರಲ್ಲಿ ಚಿಲ್ಲರೆಯಂತೆ.
ನಮ್ಮೂರಲ್ಲಿ ಅದೊಂದು ತಪ್ಪೊಪ್ಪಿಗೆ.

ಆಗ ಭಜಿ-ಪಾವಿಗೆ ಆರು ರೂಪಾಯಿ.
ಇನಾಸನ ಭಟ್ಟಿಯಿಂದ ಸೈಕಲ್ಲಿನ ಬುಟ್ಟಿಯಲ್ಲಿ ಬಂದ ಪಾವು,
ಗೋಣಿತಾಟಿನ ಕೆಳಗೆ ಒಂದಕ್ಕೊಂದು ಅಂಟಿ ಮಲಗಿದ್ದನ್ನು
ಶಾಲೆಗೆ ಹೊತ್ತಾದ ಮಕ್ಕಳನ್ನು ಎಬ್ಬಿಸಿದಂತೆ ಬಿಡಿಸುವಳು.
ಚಾಕು ಮೂರು ಕಡೆ ಓಡಿ ನಾಲ್ಕನೆಯ ಕಡೆ ನಿಲ್ಲುವುದು.
"ಬೆನ್ನು ಬಿಡಬೇಕು, ಕಂಡಕ್ಟರ್ರೆ. ಪೂರಾ ಕೊಯ್ದರೆ
ಅದು ಎರಡು ತುಂಡು ಬ್ರೆಡ್ಡು, ಪಾವಲ್ಲ."
ಒಳಗೆ ಹಸಿರು ಚಟ್ನಿ, ಬೆರಳಿಂದಲೇ.
ಮೇಲೆ ಕಾಂದಾ ಭಜಿ, ನಾಲ್ಕೋ ಐದೋ, ಎಣಿಸುವವಳಲ್ಲ.
ಉಪ್ಪು ಸವರಿ ಕರಿದ ಒಂದು ಹಸಿಮೆಣಸು.
ಕೊನೆಗೆ ಅಂಗೈಯಿಂದ ಒಂದು ಅದುಮು.
ಆಗ ಕರಕ್ ಅನ್ನುತ್ತದಲ್ಲ,
ಅದು ಕೇಳಿಸದಿದ್ದರೆ ವಾಪಸ್ ಕೊಡಿ ಅನ್ನುವಳು.
ಯಾರೂ ಕೊಟ್ಟದ್ದಿಲ್ಲ.

ಹಳೇ ಪೇಪರಿನಲ್ಲಿ ಸುತ್ತಿ ಖಾಕಿಯ ಎಡಜೇಬಿಗೆ ಇಳಿಸಿದರೆ
ಬಿಣಗಾ ದಾಟುವ ತನಕ ಎದೆಗೆ ಶಾಖ.
ಅರ್ಗಾ, ಒಂದು ಕಡಿತ. ಅಮದಳ್ಳಿ, ಇನ್ನೊಂದು.
ಹಿಂದಿನ ಸೀಟಿನ ಬುಟ್ಟಿ ಹೆಂಗಸರು ಕೂಗುವರು:
ಮೊದಲು ನುಂಗಿ, ಆಮೇಲೆ ಸೀಟಿ ಊದಿ!
ನಮ್ಮ ಕಡೆಯ ಮಿರ್ಚಿಗೆ ಗದ್ದಲ ಜಾಸ್ತಿ,
ಬಾಯಿಗೆ ಬಂದ ಕೂಡಲೇ ತಾನು ಯಾರೆಂದು ಹೇಳಿಬಿಡುತ್ತದೆ.
ಇದು ಮೆತ್ತಗೆ ಶುರುವಾಗಿ, ನಡುವೆ ಮುರಿದು,
ಮತ್ತೆ ಮೆತ್ತಗಾಗುತ್ತದೆ.
ತಟ್ಟೆ ಬೇಡ. ಕೂರಲು ಜಾಗ ಬೇಡ.
ನಿಂತವರಿಗೆಂದೇ ಯಾರೋ ಯೋಚಿಸಿ ಮಾಡಿದ ತಿಂಡಿ.

ಒಮ್ಮೆ ತೊಡೂರಿನಲ್ಲಿ ಚೆಕಿಂಗಿನವರು ಹತ್ತಿದರು.
ಚೀಲ ಸುರುವಿ ಎಣಿಸಿದರು. ಆರು ರೂಪಾಯಿ ಕಡಿಮೆ.
ಮೆಮೊದಲ್ಲಿ ಕಾರಣ ಎಂದು ಒಂದು ಖಾಲಿ ಗೆರೆ.
ಹಸಿವು, ಎಂದು ಬರೆದೆ.
ಒಂದು ಇಂಕ್ರಿಮೆಂಟು ಹೋಯಿತು.
ಈಗಲೂ ಅದು ಸರಿಯಾದ ಶಬ್ದವೆಂದೇ ನನ್ನ ವಾದ.

ಆದರೆ ನಿಜ ಹೇಳಬೇಕೆಂದರೆ
ನಾನು ಅಲ್ಲಿಗೆ ಹೋಗುತ್ತಿದ್ದದ್ದು ಚಿಲ್ಲರೆಗೆ.
ಅವಳ ಹತ್ತಿರ ಒಂದು ಡಾಲ್ಡಾ ಡಬ್ಬಿ, ಎಣ್ಣೆ ಹತ್ತಿದ ಸುಟ್ಟೆ.
ನನ್ನ ನೋಟು ಅವಳಿಗೆ, ಅವಳ ಒಂದು, ಎರಡು, ಐದು ನನಗೆ.
ಸಂಜೆಯೊಳಗೆ ಅವೇ ನಾಣ್ಯ ಇಡೀ ತಾಲ್ಲೂಕು ತಿರುಗಿ
ಯಾರ್ಯಾರದೋ ಕೈಯಿಂದ ಅವಳ ಡಬ್ಬಿಗೇ ಬೀಳುವವು.
ನನ್ನ ಚೀಲಕ್ಕೆ ಸದಾ ಈರುಳ್ಳಿಯ ವಾಸನೆ.
ಹೆಂಡತಿ ಒಮ್ಮೆ ಕೇಳಿದಳು. ಹೇಳಿದೆ.
ನಂಬಿದಳೋ ಇಲ್ಲವೋ, ಮರುದಿನ ಚೀಲ ಒಗೆದಿತ್ತು.

ಈಗ ಪಾವಿಗೆ ಇಪ್ಪತ್ತು.
ಹೆಂಗಸರಿಗೆ ಟಿಕೆಟ್ ಸೊನ್ನೆ, ಹುಡುಗರ ಕೈಯಲ್ಲಿ ಫೋನು.
ಸ್ಟೋವಿನ ಪಕ್ಕ ಕಪ್ಪುಬಿಳಿ ಚೌಕದ ರಟ್ಟು,
ದುಡ್ಡು ಬಂತೆಂದು ಊರಿಗೆಲ್ಲ ಸಾರುವ ಪೆಟ್ಟಿಗೆ.
ಯಾರಿಗೂ ಯಾರೂ ಒಂದು ರೂಪಾಯಿ ಬಾಕಿಯಿಲ್ಲ.
ಟಿಕೆಟ್ಟಿನ ಬೆನ್ನ ಮೇಲೆ ನಾನು ಗೀಚಿಕೊಟ್ಟ ಸಾಲಗಳು
ಯಾವ ಅಂಗಿಯ ಜೇಬಿನಲ್ಲಿ ಒಗೆತಕ್ಕೆ ಹೋದವೋ.

ಬರುವ ತಿಂಗಳು ನನ್ನ ರಿಟೈರು.
ನಿನ್ನೆ, ಕೇಳದೆಯೇ, ಡಬ್ಬಿ ಮುಂದೆ ಸರಿಸಿದಳು.
"ತಗೊಳ್ಳಿ. ತೆಗೆದಿಟ್ಟಿದ್ದೆ."
ನನಗೆ ಬೇಕಿರಲಿಲ್ಲ. ಎಣಿಸಿದೆ. ತೊಂಬತ್ತೇಳು.
ನೂರು ಕೊಟ್ಟೆ.
ಮೂರು ರೂಪಾಯಿ ನಾಳೆ, ಅಂದಳು.
ನಾಳೆ ನನಗೆ ವಾರದ ರಜೆ. ಹೇಳಲಿಲ್ಲ.
ಪಾವು ಕೊಯ್ದಳು, ಮೂರು ಕಡೆ.

ಘನಶ್ಯಾಮನ ಜಾಗದ ಹೊಸ ಹುಡುಗ ಹಾರ್ನ್ ಒತ್ತುತ್ತಿದ್ದ.
ಬಲಗಡೆಯ ಚೀಲ ಜಗ್ಗಿ ಹೆಗಲು ಓರೆಯಾಗಿತ್ತು.
ಬಿಣಗಾದ ತನಕ ಬಿಸಿಯಿರುತ್ತದೆ.